ಚಿತ್ರದಲ್ಲಿ ನಿಂತವರು ಯಾರು?

ಹಿಂದೆ ದೇಶ ನೋಡಬೇಕೆಂದರೆ ಬುತ್ತಿ ಕಟ್ಟಿಕೊಂಡು ಮನೆಯಿಂದ ಹೊರಬೀಳಬೇಕಿತ್ತು. ಈಗ ಕೈಯಲ್ಲಿ ಫೋನ್ ಇದ್ದರೆ ಸಾಕು, ಮನೆಯ ಕಟ್ಟೆಯ ಮೇಲೆ ಕುಳಿತೇ ದೆಹಲಿಯ ಕಲಾ ಕೇಂದ್ರವನ್ನೂ ಲಂಡನ್ನಿನ ಗ್ರಂಥಾಲಯವನ್ನೂ ಹೊಕ್ಕು ಬರಬಹುದು. ದೊಡ್ಡ ದೊಡ್ಡ ಸಂಗ್ರಹಾಲಯಗಳು ತಮ್ಮ ಕಪಾಟಿನಲ್ಲಿದ್ದ ಹಳೆಯ ಫೋಟೋಗಳನ್ನು, ಯಾತ್ರಿಕರ ದಿನಚರಿಗಳನ್ನು, ನಕಾಶೆಗಳನ್ನು ಅಂತರ್ಜಾಲದಲ್ಲಿ ಸಾಲಾಗಿ ಜೋಡಿಸಿ ಇಟ್ಟಿವೆ. ಇದಕ್ಕೆ ಆನ್‌ಲೈನ್ ಪ್ರದರ್ಶನ ಎನ್ನುತ್ತಾರೆ. ಟಿಕೆಟ್ಟಿಲ್ಲ, ಚಪ್ಪಲಿ ಕಳೆಯುವುದಿಲ್ಲ, ಐದು ಗಂಟೆಗೆ ಬಾಗಿಲು ಹಾಕುವುದಿಲ್ಲ. ಬೆಂಗಳೂರಿನ ‘ಮ್ಯಾಪ್’, ಅಂದರೆ ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೋಗ್ರಫಿ, ತನ್ನ ಕಟ್ಟಡವನ್ನು ಜನರಿಗೆ ತೆರೆದದ್ದು 2023ರಲ್ಲಿ. ಆದರೆ ಕೊರೊನಾ ಕಾಲದ 2020ರಲ್ಲೇ ಅದು ಅಂತರ್ಜಾಲದಲ್ಲಿ ಬಾಗಿಲು ತೆಗೆದಿತ್ತು.

ನಾನು ಭಾಲ್ಕಿಯಲ್ಲಿ ಮಾಸ್ತರಿಕೆ ಮಾಡಿ ನಿವೃತ್ತನಾದವನು. ಈಗ ಬೀದರಿನಲ್ಲಿ ಮಗನ ಮನೆಯಲ್ಲಿದ್ದೇನೆ. ಏಳನೆಯ ಇಯತ್ತೆಯ ಮೊಮ್ಮಗಳು ನನ್ನ ಜೊತೆಗಾರ್ತಿ. ರಾತ್ರಿ ಊಟವಾದ ಮೇಲೆ ಅರ್ಧ ತಾಸು ನಮ್ಮಿಬ್ಬರದು ಫೋನ್ ಯಾತ್ರೆ. ಅವಳಿಗೆ ಹುಡುಕಲು ಬರುತ್ತದೆ, ನನಗೆ ಏನು ಹುಡುಕಬೇಕೆಂಬುದು ಗೊತ್ತು. ಹೀಗೆ ಇಬ್ಬರೂ ಕೂಡಿದರೆ ಒಬ್ಬ ಪೂರ್ತಿ ಯಾತ್ರಿಕನಾಗುತ್ತೇವೆ.

ಬೀದರ್ ಎಂದು ಹುಡುಕಿದರೆ ಹೊಸ ಫೋಟೋಗಳೇ ಬೇಕಾದಷ್ಟು ಬರುತ್ತವೆ. ಹಳೆಯವು ಬೇಕಾದರೆ ಹಳೆಯ ಕಾಲದವರು ಬರೆದಂತೆ ಬರೆಯಬೇಕು. ಆಗಿನ ಇಂಗ್ಲಿಷರು ನಮ್ಮೂರನ್ನು ‘ಬೆದರ್’ ಎಂದೂ ಬರೆಯುತ್ತಿದ್ದರು, ವಿಜಯಪುರವನ್ನು ‘ಬೀಜಾಪೂರ್’ ಎಂದು ಎಳೆದು ಬರೆಯುತ್ತಿದ್ದರು. ಇನ್ನೊಂದು ಉಪಾಯವೂ ಇದೆ. ನಮ್ಮ ಜಿಲ್ಲೆ ಆಗ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಹಾಗಾಗಿ ‘ಹೈದರಾಬಾದ್ ಡೆಕ್ಕನ್’ ಎಂದು ಹುಡುಕಿದರೆ ಬೀದರಿನ ಚಿತ್ರ ಸಿಗುವುದುಂಟು. ಹಾಗೆ ಹುಡುಕುವಾಗಲೇ ಒಂದು ದಿನ ಮೊಮ್ಮಗಳು ಕೂಗಿದಳು.

“ಮುತ್ಯಾ, ನೋಡಿಲ್ಲಿ! ಇದು ನಮ್ಮ ಮದರಸಾ ಅದ!”

ಹೌದು, ನಮ್ಮದೇ. ಮಹಮೂದ್ ಗಾವಾನನ ಮದರಸಾ. ತೆಗೆದವರು ಲಾಲಾ ದೀನ್ ದಯಾಳ್. ಕಾಲ 1880ರ ದಶಕ. ನಿಜಾಮರ ಸೀಮೆಯ ನೋಟಗಳೆಂದು ಮಾಡಿದ ಒಂದು ಆಲ್ಬಮ್ಮಿನಲ್ಲಿ ಸೇರಿ, ವೈಸರಾಯ್ ಕರ್ಜನ್ನರ ಸಂಗ್ರಹದ ಮೂಲಕ ಈಗ ಆ ಚಿತ್ರ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ನಮ್ಮ ಮನೆಯಿಂದ ಮದರಸಾಕ್ಕೆ ಆಟೋದಲ್ಲಿ ಹತ್ತು ನಿಮಿಷ. ಅದರ ಹಳೆಯ ಮುಖ ನೋಡಲು ನಾವು ಲಂಡನ್ನಿನ ಕಡೆ ತಿರುಗಬೇಕಾಯಿತು.

ದೀನ್ ದಯಾಳರ ಕತೆ ಮಕ್ಕಳು ತಿಳಿಯಬೇಕಾದದ್ದು. ಅವರು ಹುಟ್ಟಿದ್ದು 1844ರಲ್ಲಿ, ಮೀರತ್ ಹತ್ತಿರದ ಸರ್ಧನಾದಲ್ಲಿ. ರೂರ್ಕಿಯಲ್ಲಿ ಎಂಜಿನಿಯರಿಂಗ್ ಓದಿ, ಇಂದೂರಿನಲ್ಲಿ ಸರ್ಕಾರದ ಕಟ್ಟಡಗಳ ನಕ್ಷೆ ಬರೆಯುವ ನೌಕರಿ ಹಿಡಿದರು. ಮೂವತ್ತರ ವಯಸ್ಸಿನಲ್ಲಿ ಕ್ಯಾಮೆರಾ ಕೈಗೆತ್ತಿಕೊಂಡರು. ಆ ಹುಚ್ಚು ಎಷ್ಟು ಬೆಳೆಯಿತೆಂದರೆ ಸರ್ಕಾರಿ ನೌಕರಿ ಬಿಟ್ಟರು. ಸಿಕಂದರಾಬಾದಿನಲ್ಲಿ ಸ್ಟುಡಿಯೋ ತೆರೆದರು. ಆರನೆಯ ನಿಜಾಮ ಮೀರ್ ಮೆಹಬೂಬ್ ಅಲಿ ಖಾನರ ಆಸ್ಥಾನದ ಛಾಯಾಗ್ರಾಹಕರಾದರು. ನಿಜಾಮರು ಕೊಟ್ಟ ಬಿರುದಿನಿಂದ ‘ರಾಜಾ’ ದೀನ್ ದಯಾಳ್ ಆದರು. ಪರದೆಯಲ್ಲಿರುವ ಹೆಣ್ಣುಮಕ್ಕಳು ಫೋಟೋ ತೆಗೆಸಿಕೊಳ್ಳಲೆಂದು 1892ರಲ್ಲಿ ಬೇರೆಯದೇ ಸ್ಟುಡಿಯೋ ಮಾಡಿ, ಅದನ್ನು ನಡೆಸಲು ಒಬ್ಬ ಆಂಗ್ಲ ಮಹಿಳೆಯನ್ನು ಇಟ್ಟಿದ್ದರು. 1905ರಲ್ಲಿ ತೀರಿಕೊಂಡರು. ಅವರ ಸ್ಟುಡಿಯೋದ 2,500ಕ್ಕೂ ಹೆಚ್ಚು ಗಾಜಿನ ನೆಗೆಟಿವ್‌ಗಳು ಇವತ್ತು ದೆಹಲಿಯ ಇಂದಿರಾ ಗಾಂಧಿ ರಾಷ್ಟ್ರೀಯ ಕಲಾ ಕೇಂದ್ರದಲ್ಲಿವೆ.

ಗಾಜಿನ ನೆಗೆಟಿವ್ ಎಂದಾಗ ಮೊಮ್ಮಗಳು ನಕ್ಕಳು. “ಗಾಜಿನ ಮ್ಯಾಲ ಫೋಟೋನಾ?”

ಹೌದು. ಫೋಟೋ ತೆಗೆಯುವ ವಿದ್ಯೆ ಲೋಕಕ್ಕೆ ತಿಳಿದದ್ದು 1839ರಲ್ಲಿ, ಫ್ರಾನ್ಸಿನಲ್ಲಿ. ಹದಿನೈದೇ ವರ್ಷಕ್ಕೆ, 1854ರಲ್ಲಿ, ಮುಂಬಯಿಯಲ್ಲಿ ಫೋಟೋಗ್ರಾಫರರ ಸಂಘವೇ ಹುಟ್ಟಿತು. ಆಗಿನ ಒಂದು ಪದ್ಧತಿಯಲ್ಲಿ ಗಾಜಿನ ಹಲಗೆಗೆ ಅಂಟು ಔಷಧ ಬಳಿದು, ಅದು ಒಣಗುವುದರೊಳಗೆ ಚಿತ್ರ ತೆಗೆದು, ಒಣಗುವುದರೊಳಗೇ ತೊಳೆಯಬೇಕಿತ್ತು. ಹತ್ತು-ಹದಿನೈದು ನಿಮಿಷದಲ್ಲಿ ಎಲ್ಲ ಮುಗಿಯಬೇಕು. ಅದಕ್ಕೆ ಯಾತ್ರಿಕನು ಹೋದಲ್ಲೆಲ್ಲ ಒಂದು ಕತ್ತಲೆ ಡೇರೆ, ಔಷಧದ ಬಾಟಲಿಗಳು, ನೀರು, ಗಾಜಿನ ಪೆಟ್ಟಿಗೆ ಎಲ್ಲ ಹೊರಿಸಿಕೊಂಡು ಹೋಗಬೇಕಿತ್ತು. 1880ರ ಹೊತ್ತಿಗೆ ಒಣ ಗಾಜಿನ ಹಲಗೆಗಳು ಬಂದು ಕೆಲಸ ಕೊಂಚ ಹಗುರಾಯಿತು. ಆದರೂ ಬೀದರಿಗೆ ಆಗ ರೈಲು ಇರಲಿಲ್ಲ. ಹೈದರಾಬಾದಿನಿಂದ ಸುಮಾರು 140 ಕಿಲೋಮೀಟರ್ ದಾರಿ. ಗಾಜು ಒಡೆಯದಂತೆ ತಂದು, ಚಿತ್ರ ತೆಗೆದು, ಮತ್ತೆ ಒಡೆಯದಂತೆ ಒಯ್ಯಬೇಕು. ಒಂದು ಫೋಟೋಕ್ಕೆ ಅಷ್ಟು ಬೆವರು. ಈಗ ನಮ್ಮ ಮೊಮ್ಮಕ್ಕಳು ಒಂದು ದೋಸೆಗೆ ಆರು ಫೋಟೋ ತೆಗೆಯುತ್ತಾರೆ.

ಆ ಭಾನುವಾರ ಮುಂಜಾನೆ ನಾವಿಬ್ಬರೂ ಮದರಸಾಕ್ಕೆ ಹೋದೆವು. ಫೋನಿನಲ್ಲಿ ಹಳೆಯ ಚಿತ್ರ, ಎದುರಿಗೆ ನಿಜವಾದ ಕಟ್ಟಡ. ದೀನ್ ದಯಾಳರು ಎಲ್ಲಿ ನಿಂತು ತೆಗೆದಿರಬಹುದು ಎಂದು ಕಂಡುಹಿಡಿಯುವುದೇ ಆಟ. ಎರಡು ಹೆಜ್ಜೆ ಹಿಂದೆ, ಮೂರು ಹೆಜ್ಜೆ ಬಲಕ್ಕೆ, ಮತ್ತೆ ಮುಂದೆ. ಮಕ್ಕಳೇ, ನೀವೂ ಈ ಆಟ ಆಡಿ ನೋಡಿ. ಪುಸ್ತಕದಲ್ಲಿ ಹತ್ತು ಸಲ ಓದಿದರೂ ಕಾಣದ್ದು ಆಗ ಕಾಣುತ್ತದೆ. ಮದರಸಾದ ಮುಖ ಪೂರ್ವಕ್ಕಿದೆ, ಅದಕ್ಕೆ ಮುಂಜಾನೆಯ ಬಿಸಿಲು ನೇರ ಗೋಡೆಯ ಮೇಲೆ ಬೀಳುತ್ತದೆ. ಬಲಗಡೆಗೆ ಮಿನಾರು ನಿಂತಿದೆ, ಎಡಗಡೆಗೆ ಇಲ್ಲ.

“ಆ ಕಡೀದು ಎಲ್ಲಿ ಹೋಯ್ತು ಮುತ್ಯಾ?”

1472ರಲ್ಲಿ ಇದು ಕಟ್ಟಿ ಮುಗಿದಾಗ ಎರಡು ಮಿನಾರುಗಳಿದ್ದವು. ಮೂರು ಅಂತಸ್ತಿನ ವಿದ್ಯಾಲಯ. ದೂರದ ಇರಾನಿನ ಗಿಲಾನ್ ಸೀಮೆಯಿಂದ ವ್ಯಾಪಾರಕ್ಕೆಂದು ಬಂದು ಬಹಮನಿ ಸುಲ್ತಾನರ ಪ್ರಧಾನ ಮಂತ್ರಿಯಾದ ಗಾವಾನ್ ಇದನ್ನು ಕಟ್ಟಿಸಿದ. 1481ರಲ್ಲಿ ವೈರಿಗಳ ಮಾತು ಕೇಳಿದ ಸುಲ್ತಾನ ಅವನನ್ನೇ ಕೊಲ್ಲಿಸಿದ. ಮುಂದೆ ಔರಂಗಜೇಬನ ಕಾಲದಲ್ಲಿ ಈ ಕಟ್ಟಡದಲ್ಲಿ ಮದ್ದುಗುಂಡು ತುಂಬಿಟ್ಟಿದ್ದರು. 17ನೇ ಶತಮಾನದ ಕೊನೆಗೆ ಅದು ಸಿಡಿದು ಒಂದು ಮಿನಾರು, ಮುಂಭಾಗದ ಅರ್ಧ ಗೋಡೆ ನೆಲಕ್ಕೆ ಬಿತ್ತು. ದೀನ್ ದಯಾಳರು ಬಂದಾಗ ಅದು ಬಿದ್ದು ಎರಡು ಶತಮಾನದ ಹತ್ತಿರ ಆಗಿತ್ತು. ಅವರ ಚಿತ್ರದಲ್ಲಿರುವುದೂ ನಮಗೆ ಇಂದು ಕಾಣುವ ಗಾಯವೇ.

ಒಂದೇ ವ್ಯತ್ಯಾಸ ಬಣ್ಣದ್ದು. ಎದುರಿಗಿನ ಮಿನಾರಿನ ಮೇಲೆ ಅಂಕುಡೊಂಕಾಗಿ ಜೋಡಿಸಿದ ನೀಲಿ, ಹಸಿರು, ಹಳದಿ, ಬಿಳಿ ಹೆಂಚುಗಳು ಅಲ್ಲಲ್ಲಿ ಇನ್ನೂ ಹೊಳೆಯುತ್ತಿವೆ. ಫೋಟೋದಲ್ಲಿ ಎಲ್ಲವೂ ಕಂದು. ಬೀದರಿನ ಬಣ್ಣ ಆ ಕಾಲದ ಕ್ಯಾಮೆರಾಕ್ಕೆ ಕಾಣಲೇ ಇಲ್ಲ. ಕ್ಯಾಮೆರಾ ಎಲ್ಲವನ್ನೂ ನೋಡುತ್ತದೆ ಎಂದು ನಾವು ನಂಬಿದ್ದೇವೆ, ಅಷ್ಟೆ.

ಹಾಗೆಂದು ಹಳೆಯ ಫೋಟೋವನ್ನು ಹಗುರವಾಗಿ ಕಾಣುವಂತಿಲ್ಲ. ನಿಮ್ಮ ಮನೆಯಲ್ಲಿ ಹೊಸ 50 ರೂಪಾಯಿಯ ನೋಟು ಇದ್ದರೆ ತಿರುಗಿಸಿ ನೋಡಿ. ಹಂಪಿಯ ಕಲ್ಲಿನ ರಥ ಇದೆ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೈನ್ಯದ ಅಧಿಕಾರಿ ಅದೇ ರಥದ ಫೋಟೋ ತೆಗೆದಿದ್ದ. ಆ ಚಿತ್ರದಲ್ಲಿ ರಥದ ನೆತ್ತಿಯ ಮೇಲೆ ಇಟ್ಟಿಗೆಯ ಗೋಪುರವಿದೆ! ಮುಂದೆ ಯಾವಾಗಲೋ ಅದನ್ನು ತೆಗೆದುಹಾಕಿದರು. ಗ್ರೀನ್‌ಲಾನ ಕಾಗದದ ನೆಗೆಟಿವ್ ಉಳಿಯದಿದ್ದರೆ ಆ ಗೋಪುರ ಹೇಗಿತ್ತೆಂದು ನಮಗೆ ಕಣ್ಣಾರೆ ಕಾಣುತ್ತಿರಲಿಲ್ಲ. 1983ರಲ್ಲಿ ಜಾನ್ ಗೋಲಿಂಗ್ಸ್ ಎಂಬ ಆಸ್ಟ್ರೇಲಿಯಾದ ಛಾಯಾಗ್ರಾಹಕ ಗ್ರೀನ್‌ಲಾ ನಿಂತ ಜಾಗಗಳಲ್ಲೇ ನಿಂತು ಮತ್ತೆ ಚಿತ್ರ ತೆಗೆದ. ನಾವು ಮದರಸಾದ ಮುಂದೆ ಆಡಿದ ಆಟ ಅದೇ.

ಇಂಥ ಪ್ರದರ್ಶನಗಳನ್ನು ನೋಡುತ್ತ ಹೋದಂತೆ ಮೊಮ್ಮಗಳಿಗೆ ಒಂದು ಸಂಗತಿ ಕಣ್ಣಿಗೆ ಬಿತ್ತು. ಆ ಕಾಲದ ಎಷ್ಟೋ ಚಿತ್ರಗಳಲ್ಲಿ ಗುಡಿಯ ಕಂಬದ ಪಕ್ಕ, ಗುಮ್ಮಟದ ಮೆಟ್ಟಿಲ ಮೇಲೆ, ಕೋಟೆಯ ಬಾಗಿಲಲ್ಲಿ ಒಬ್ಬ ಮನುಷ್ಯ ನಿಂತಿರುತ್ತಾನೆ. ತಲೆಗೆ ರುಮಾಲು, ಕೈಯಲ್ಲಿ ಕೋಲು. ಚಿತ್ರದ ಕೆಳಗೆ ಕಟ್ಟಡದ ಹೆಸರಿದೆ, ಊರಿನ ಹೆಸರಿದೆ, ತೆಗೆದವನ ಹೆಸರಿದೆ.

“ಈ ಮನುಷ್ಯಾನ ಹೆಸರು ಎಲ್ಲಿ ಅದ?”

ಇಲ್ಲ. ಕಂಬ ಎಷ್ಟು ಎತ್ತರ ಎಂದು ತೋರಿಸಲು ಅವನನ್ನು ಅಲ್ಲಿ ನಿಲ್ಲಿಸಿದ್ದು. ನಾವು ಶಾಲೆಯಲ್ಲಿ ಅಳತೆಗೆ ಫೂಟುಪಟ್ಟಿ ಇಟ್ಟಂತೆ. ಫೂಟುಪಟ್ಟಿಯ ಹೆಸರು ಯಾರು ಬರೆಯುತ್ತಾರೆ?

ಆಗ ನನಗೆ ನೆನಪಾದದ್ದು ಕ್ಯಾಮೆರಾ ಇಲ್ಲದ ಕಾಲದ ಒಬ್ಬ ಯಾತ್ರಿಕ. ರಷ್ಯಾದ ತ್ವೇರ್ ಎಂಬ ಊರಿನ ವ್ಯಾಪಾರಿ ಅಫನಾಸಿ ನಿಕಿತಿನ್. ದಾರಿಯಲ್ಲಿ ದರೋಡೆಯಾಗಿ ಎಲ್ಲ ಕಳೆದುಕೊಂಡ. ಹಡಗಿನಲ್ಲಿ ಒಂದು ಗಂಡು ಕುದುರೆಯನ್ನು ಹತ್ತಿಸಿಕೊಂಡು ಕೊಂಕಣದ ಚೌಲ್ ಬಂದರಿಗೆ ಇಳಿದ. ಜುನ್ನರಿನಲ್ಲಿ ಅಲ್ಲಿಯ ಖಾನ ಕುದುರೆಯನ್ನು ಕಿತ್ತುಕೊಂಡ. ಹೇಗೋ ಬಿಡಿಸಿಕೊಂಡು 1470ರ ಆಸುಪಾಸಿನಲ್ಲಿ ನಮ್ಮ ಬೀದರಿಗೆ ಬಂದ. ಇಲ್ಲಿಯೇ ಆ ಕುದುರೆ ಮಾರಿದ. ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದದ್ದು 1498ರಲ್ಲಿ, ನಿಕಿತಿನ್ ಅದಕ್ಕೂ ಕಾಲು ಶತಮಾನ ಮೊದಲಿನವನು. ಊರಿಗೆ ಮರಳುವಾಗ ದಾರಿಯಲ್ಲೇ, ಸ್ಮೋಲೆನ್ಸ್ಕ್ ಹತ್ತಿರ, ತೀರಿಹೋದ. ಅವನ ಬರಹ ಮಾತ್ರ ಉಳಿಯಿತು. ಅದರ ಹೆಸರು ‘ಮೂರು ಸಮುದ್ರಗಳ ಆಚೆಗಿನ ಪ್ರಯಾಣ’.

ಸುಲ್ತಾನನ ಅರಮನೆಗೆ ಏಳು ಬಾಗಿಲು, ಬಾಗಿಲಿಗೆ ನೂರು ಕಾವಲುಗಾರರು, ನೂರು ಕರಣಿಕರು. ಒಳಗೆ ಹೋದವರನ್ನು ಕೆಲವರು, ಹೊರಗೆ ಬಂದವರನ್ನು ಕೆಲವರು ಬರೆದುಕೊಳ್ಳುತ್ತಾರೆ ಎಂದು ಅವನು ಬರೆದಿದ್ದಾನೆ. ನಮ್ಮ ಕಲಬುರಗಿ ಜಿಲ್ಲೆಯ ಆಳಂದದ ಜಾತ್ರೆಗೆ ಮಾರಾಟಕ್ಕೆ ಇಪ್ಪತ್ತು ಸಾವಿರ ಕುದುರೆ ಬರುತ್ತವೆ ಎಂದಿದ್ದಾನೆ. ಅಲ್ಲಿ ‘ಗುಕುಕ್’ ಎಂಬ ಹಕ್ಕಿ ರಾತ್ರಿ ಹಾರಿ ಬಂದು ಯಾರ ಮನೆಯ ಮೇಲೆ ಕುಳಿತು ಕೂಗುತ್ತದೋ ಆ ಮನೆಯಲ್ಲಿ ಸಾವು, ಕೊಲ್ಲಲು ಹೋದರೆ ಬಾಯಿಂದ ಬೆಂಕಿ ಉಗುಳುತ್ತದೆ ಎಂದೂ ಇದೆ. ಓದಿದ ಕೂಡಲೇ ನನಗೆ ಗೊತ್ತಾಯಿತು, ಇದು ನಮ್ಮ ಗೂಗಿ! ನಮ್ಮ ಕಡೆಯ ಯಾವುದೋ ಅಜ್ಜಿ ಅವನಿಗೆ ಗೂಗಿಯ ಕತೆ ಹೇಳಿರಬೇಕು. ಕಾಡಿನ ಕೋತಿಗಳಿಗೊಬ್ಬ ರಾಜನಿದ್ದಾನೆ, ಯಾರಾದರೂ ಕೀಟಲೆ ಮಾಡಿದರೆ ಅವು ರಾಜನಿಗೆ ದೂರು ಕೊಡುತ್ತವೆ, ಅವನು ದಂಡು ಕಳಿಸುತ್ತಾನೆ ಎಂಬ ಕತೆ ಕೇಳಿ ಮೊಮ್ಮಗಳು ಬಿದ್ದು ಬಿದ್ದು ನಕ್ಕಳು.

ನನಗೆ ಹೆಚ್ಚು ಹಿಡಿಸಿದ್ದು ಇನ್ನೊಂದು ಮಾತು. ಇಲ್ಲಿಯ ಸರದಾರರು ಬೆಳ್ಳಿಯ ಮಂಚದ ಮೇಲೆ ಹೊರಿಸಿಕೊಂಡು ಮೆರೆಯುತ್ತಾರೆ, ಹಳ್ಳಿಯ ಜನ ಬಲು ಬಡವರು ಎಂದು ಅವನು ಬರೆದಿಟ್ಟ. ಅರಮನೆಯ ಚಿನ್ನದ ಕೆತ್ತನೆಯನ್ನು ಕಂಡು ಬೆರಗಾದ ಕಣ್ಣೇ ಹಳ್ಳಿಯವರನ್ನೂ ಕಂಡಿತು. ಕ್ಯಾಮೆರಾ ಇಲ್ಲದಿದ್ದರೂ ಅವನು ಜನರನ್ನು ಅಳತೆಪಟ್ಟಿ ಮಾಡಲಿಲ್ಲ.

ಬೀದರ್ ಮುಗಿಯಿತು, ಇನ್ನು ಭಾಲ್ಕಿ, ಔರಾದ ಹುಡುಕೋಣ ಎಂದು ಮೊಮ್ಮಗಳು ಹೊರಟಳು. ಬೀದರಿಗೆ ಪುಣ್ಯವಿದೆ. ದೀನ್ ದಯಾಳರ ನಂತರ ನಿಜಾಮರ ಪುರಾತತ್ವ ಇಲಾಖೆಯ ಗುಲಾಮ್ ಯಜ್ದಾನಿಯವರು 1947ರಲ್ಲಿ ಬೀದರಿನ ಇತಿಹಾಸ ಮತ್ತು ಸ್ಮಾರಕಗಳ ಮೇಲೆ ತುಂಬ ಚಿತ್ರಪುಟಗಳಿರುವ ದೊಡ್ಡ ಪುಸ್ತಕ ತಂದರು. ಅದೂ ಅಂತರ್ಜಾಲದಲ್ಲಿ ಸಿಗುತ್ತದೆ. ಆದರೆ ಭಾಲ್ಕಿ, ಔರಾದದ ಹಳೆಯ ಚಿತ್ರ ನಮಗೆ ಯಾವ ಪ್ರದರ್ಶನದಲ್ಲೂ ಸಿಗಲಿಲ್ಲ. ದೊಡ್ಡ ಗುಮ್ಮಟವಿದ್ದಲ್ಲಿಗೆ ಯಾತ್ರಿಕರು ಗಾಡಿ ಕಟ್ಟಿಸಿದರು. ಎರಡೂ ಊರು ಬೀದರಿನಿಂದ ನಲವತ್ತು ಕಿಲೋಮೀಟರಿನ ಆಸುಪಾಸಿನಲ್ಲೇ ಇವೆ, ಆದರೂ ಅವರ ದಾರಿ ಆ ಕಡೆ ತಿರುಗಲಿಲ್ಲ.

ತಿರುಗಿದ್ದರೂ ಏನು ಕಾಣುತ್ತಿತ್ತು? ಭಾಲ್ಕಿಯ ಒಂದು ಸಂಗತಿ ಹೇಳುತ್ತೇನೆ, ನಮ್ಮ ಕಡೆಯ ಹಿರಿಯರಿಗೆಲ್ಲ ಗೊತ್ತಿರುವುದೇ. ನಿಜಾಮರ ಕಾಲದಲ್ಲಿ ಇಲ್ಲಿ ಓದು-ಬರಹ ಎಲ್ಲ ಉರ್ದುವಿನಲ್ಲಿ. ಆಗ ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು ಶಾಲೆಯ ಹೊರಗೆ ಉರ್ದು ಫಲಕ ಹಾಕಿಸಿ, ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದರು. ಯಾವನಾದರೂ ಯಾತ್ರಿಕ ಕ್ಯಾಮೆರಾ ಹೊತ್ತು ಆ ದಾರಿಯಲ್ಲಿ ಬಂದಿದ್ದರೆ ಅವನ ಗಾಜಿನ ಮೇಲೆ ಮೂಡುತ್ತಿದ್ದದ್ದು ಉರ್ದು ಫಲಕ. ಕೆಳಗೆ ‘ಭಾಲ್ಕಿಯ ಉರ್ದು ಶಾಲೆ’ ಎಂದು ಬರೆದು ಮುಂದೆ ಹೋಗುತ್ತಿದ್ದ. ಗೋಡೆಯ ಒಳಗೆ ಅ ಆ ಇ ಈ ಹೇಳುತ್ತಿದ್ದ ಮಕ್ಕಳು ಕಾಣುತ್ತಿರಲಿಲ್ಲ. ಅದನ್ನು ಉಳಿಸಿದ್ದು ಬಾಯಿಂದ ಬಾಯಿಗೆ ಹೇಳಿದ ಜನ. ಫೋಟೋಕ್ಕೆ ಬಾಯಿಲ್ಲ, ಅದರ ಪಕ್ಕ ಒಬ್ಬರು ಕೂತು ಹೇಳಬೇಕು.

ಇಷ್ಟಾದ ಮೇಲೆ ಮೊಮ್ಮಗಳೇ ಅಂದಳು, “ಫೋನಿನ್ಯಾಗ ಇಲ್ಲಂದ್ರ ನಮ್ಮ ಟ್ರಂಕಿನ್ಯಾಗ ನೋಡೋಣ ನಡಿ.”

ಟ್ರಂಕಿನಲ್ಲಿ ಹಳೆಯ ಲಗ್ನಪತ್ರಿಕೆ, ರಸೀದಿಗಳ ನಡುವೆ ಒಂದು ಫೋಟೋ ಇತ್ತು. ಔರಾದದ ಅಮರೇಶ್ವರ ಜಾತ್ರೆಯಲ್ಲಿ ತೆಗೆಸಿದ್ದು. ನಮ್ಮ ಅಜ್ಜ ಪಟಗ ಸುತ್ತಿಕೊಂಡು ಎದೆ ಸೆಟೆಸಿ ನಿಂತಿದ್ದಾರೆ. ಪಕ್ಕದಲ್ಲಿ ಮನೆಯ ದೇವಣಿ ಹೋರಿ, ಬಿಳಿ ಮೈಗೆ ಕರಿ ಮಚ್ಚೆ. ಜಾತ್ರೆಯ ದನದ ಪ್ರದರ್ಶನಕ್ಕೆ ಹೊಡೆದುಕೊಂಡು ಹೋಗಿದ್ದಿರಬೇಕು. ಹೋರಿ ಬಾಲ ಬೀಸಿದ್ದರಿಂದ ಬಾಲದ ಜಾಗದಲ್ಲಿ ಮಂಜು ಮುಸುಕಿದಂತಿದೆ. ಈ ಕಡೆ ನಮ್ಮ ಅಜ್ಜಿ, ಒಬ್ಬ ಸಣ್ಣ ಹುಡುಗಿ. ಚಿತ್ರದ ಅಂಚಿನಲ್ಲಿ ಹೋರಿಯ ಹಗ್ಗ ಹಿಡಿದು ಇನ್ನೊಬ್ಬ. ಅವನ ಅರ್ಧ ಹೆಗಲು ಚಿತ್ರದ ಹೊರಗೆ ಹೋಗಿದೆ. ಹಿಂದೆ ತಿರುಗಿಸಿದರೆ ಏನೂ ಬರೆದಿಲ್ಲ.

ಮೊಮ್ಮಗಳ ಬೆರಳು ನೇರ ಅಂಚಿನ ಮನುಷ್ಯನ ಮೇಲೆ ಹೋಯಿತು. “ಇವ ಯಾರು?” ನನಗೆ ಗೊತ್ತಿರಲಿಲ್ಲ. ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಲಂಡನ್ನಿನ ಆಲ್ಬಮ್ಮಿನ ಹೆಸರಿಲ್ಲದ ಮನುಷ್ಯ ನಮ್ಮ ಟ್ರಂಕಿನಲ್ಲೂ ನಿಂತಿದ್ದ.

ಹೇಳಬಲ್ಲವರು ಒಬ್ಬರೇ ಉಳಿದಿದ್ದರು, ಔರಾದದಲ್ಲಿರುವ ನಮ್ಮ ಸೋದರತ್ತೆ. ವಯಸ್ಸು ತೊಂಬತ್ತರ ಹತ್ತಿರ. ಒಂದು ಕಣ್ಣಿಗೆ ಪೊರೆ, ಇನ್ನೊಂದು ಮಂಜು. ನೆನಪು ಕೆಲವು ದಿನ ಗಟ್ಟಿ, ಕೆಲವು ದಿನ ಇಲ್ಲ. ಇನ್ನು ತಡ ಮಾಡುವಂತಿಲ್ಲ ಎಂದು ಮರುದಿನವೇ ಬಸ್ಸು ಹತ್ತಿದೆವು. ಚಿತ್ರ ಸಣ್ಣದು, ಅತ್ತೆಗೆ ಕಾಣಲಿಲ್ಲ. ಮೊಮ್ಮಗಳು ಅದನ್ನು ಫೋನಿನಲ್ಲಿ ತೆಗೆದು, ಬೆರಳಿಂದ ಹಿಗ್ಗಿಸಿ, ಒಂದೊಂದೇ ಮುಖ ಕಣ್ಣ ಮುಂದೆ ಹಿಡಿದಳು. ಅತ್ತೆ ಬಹಳ ಹೊತ್ತು ನೋಡಿದರು. ಹುಡುಗಿಯ ಮುಖ ಬಂದಾಗ, “ಯವ್ವಾ, ಇದು ನಾನೇ ಹೌದಲ್ಲೊ!” ಎಂದು ಬಾಯಿಗೆ ಸೆರಗು ಹಿಡಿದು ನಕ್ಕರು. ಹಗ್ಗ ಹಿಡಿದವನ ಮುಖ ಬಂದಾಗ ಸುಮ್ಮನಾದರು.

“ಇವ ನಮ್ಮ ಮನ್ಯಾಗ ವರ್ಷದ ಆಳಿದ್ದ. ಇವ ಇಲ್ಲಂದ್ರ ಆ ಹೋರಿ ಯಾರ ಮಾತೂ ಕೇಳ್ತಿರಲಿಲ್ಲ. ನನಗ ಹೆಗಲ ಮ್ಯಾಲ ಕೂಡ್ರಿಸ್ಕೊಂಡು ಜಾತ್ರಿ ತೋರಿಸ್ದಂವ ಇವನೇ.” ಹೆಸರು ಹೇಳಿದರು. ತಂದೆಯ ಹೆಸರೂ ಹೇಳಿದರು. ಸಂತಪುರದ ಕಡೆಯ ಒಂದು ಹಳ್ಳಿಯ ಹೆಸರು ಹೇಳಿ, ಅವನ ಮಂದಿ ಅಲ್ಲೇ ಇರಬೇಕು ಎಂದರು.

ಆ ಹೆಸರನ್ನು ಪತ್ರಿಕೆಯಲ್ಲಿ ಬರೆಯುವುದಿಲ್ಲ. ಅದು ಅವರ ಮನೆಯವರ ಸೊತ್ತು. ಫೋಟೋದ ಹಿಂದೆ ಬರೆದಿದ್ದೇವೆ.

ಚಿತ್ರವನ್ನು ಬೀದರಿನ ಸ್ಟುಡಿಯೋದಲ್ಲಿ ದೊಡ್ಡದು ಮಾಡಿಸಿಕೊಂಡು, ಕೇಳಿಕೊಂಡು ಕೇಳಿಕೊಂಡು ಆ ಹಳ್ಳಿಗೆ ಹೋದೆವು. ಮೊಮ್ಮಗ ಸಿಕ್ಕ, ನಲವತ್ತೈದರ ಆಸುಪಾಸಿನವನು. ಅವನು ಹುಟ್ಟುವ ಮೊದಲೇ ಅಜ್ಜ ತೀರಿಹೋಗಿದ್ದ. ಮನೆಯಲ್ಲಿ ಅಜ್ಜನ ಒಂದೂ ಚಿತ್ರ ಇರಲಿಲ್ಲ. ಅವನು ಫೋಟೋವನ್ನು ಎರಡೂ ಕೈಯಲ್ಲಿ ಹಿಡಿದು ಬಾಗಿಲ ಬೆಳಕಿಗೆ ಹೋದ. ಮಗನನ್ನು ಕರೆದು ಪಕ್ಕ ನಿಲ್ಲಿಸಿ ಮುಖ ನೋಡಿದ. “ಮೂಗು ಇದೇ ಅದ ನೋಡ್ರಿ” ಅಂದ. ಒಳಗಿನಿಂದ ಹೆಂಗಸರು ಬಂದು ನೋಡಿದರು, ಓಣಿಯವರು ಬಂದರು.

ಅಜ್ಜನ ಮುಖವಷ್ಟೇ ಬೇರೆ ಮಾಡಿ ದೊಡ್ಡದು ಮಾಡಿಸಿ ಕಳಿಸಲೇ ಎಂದು ಕೇಳಿದೆ. ಅವನು ಸ್ವಲ್ಪ ಯೋಚಿಸಿ, “ಬ್ಯಾಡ್ರಿ ಸರ್, ಹೋರಿ ಸಮೇತ ಇರ್ಲಿ. ನಮ್ಮ ಮುತ್ಯಾ ಆ ಹೋರಿ ಬಿಟ್ಟು ಇರ್ತಿರಲಿಲ್ಲಂತ” ಎಂದ. ಅಜ್ಜ-ಹೋರಿಯ ಆ ಕತೆ ಅವರ ಮನೆಯಲ್ಲಿತ್ತು, ಚಿತ್ರ ನಮ್ಮ ಮನೆಯಲ್ಲಿತ್ತು. ಎರಡೂ ಅವತ್ತು ಕೂಡಿದವು.

ಓದುವ ಅಜ್ಜ-ಅಜ್ಜಿಯರೇ, ಮಕ್ಕಳೇ, ನಿಮ್ಮ ಮನೆಯಲ್ಲೂ ಇಂಥ ಟ್ರಂಕು ಇದ್ದೇ ಇರುತ್ತದೆ. ನಮ್ಮ ಗಡಿಯ ಕಡೆಯವರಿಗಂತೂ ಇನ್ನೂ ಒಂದು ಕಷ್ಟ. 1956ರಲ್ಲಿ ರಾಜ್ಯಗಳು ಬೇರೆಯಾದಾಗ ಹಳೆಯ ಬೀದರ್ ಜಿಲ್ಲೆಯ ಉದಗೀರ, ನಿಲಂಗಾ ಒಂದು ಕಡೆ ಹೋದವು, ಜಹೀರಾಬಾದ್ ಇನ್ನೊಂದು ಕಡೆ ಹೋಯಿತು. ಬೀಗರು, ಬಂಧುಗಳು ಮೂರು ರಾಜ್ಯದಲ್ಲಿ ಹಂಚಿಹೋದರು. ನಿಮ್ಮ ಅಜ್ಜಿಯ ಫೋಟೋ ಉದಗೀರದ ಯಾವುದೋ ಅಟ್ಟದ ಮೇಲೆ ಇದ್ದೀತು. ಕೇಳಿ ತರಿಸಿ.

ಕೆಲಸ ಹೇಗೆ ಮಾಡಬೇಕೆಂದರೆ, ಫೋಟೋವನ್ನು ಅಂಚಿನಲ್ಲಿ ಹಿಡಿಯಿರಿ, ಮುಖದ ಮೇಲೆ ಬೆರಳಿಡಬೇಡಿ. ಕಿಟಕಿಯ ಹತ್ತಿರ, ನೇರ ಬಿಸಿಲು ಬೀಳದ ಬೆಳಕಿನಲ್ಲಿ ಚಪ್ಪಟೆಯಾಗಿ ಇಡಿ. ಫ್ಲ್ಯಾಶ್ ಹಾಕದೆ, ಫೋನನ್ನು ಓರೆ ಮಾಡದೆ ನೆತ್ತಿಯ ಮೇಲಿಂದ ತೆಗೆಯಿರಿ. ಮೂಲ ಚಿತ್ರದ ಹಿಂದೆ ಮೆತ್ತನೆಯ ಪೆನ್ಸಿಲಿನಿಂದ ಹಗುರವಾಗಿ ಬರೆಯಿರಿ. ಬಾಲ್‌ಪೆನ್ ಒತ್ತಿದರೆ ಮುಂದಿನ ಮುಖದ ಮೇಲೆ ಗೀರು ಏಳುತ್ತದೆ, ಶಾಯಿ ಸೋರುತ್ತದೆ. ಹರಿದಿದ್ದರೆ ಟೇಪು ಅಂಟಿಸಬೇಡಿ, ಕಾಗದದ ಲಕೋಟೆಯಲ್ಲಿ ಹಾಕಿ ತೇವ ತಾಗದ ಜಾಗದಲ್ಲಿಡಿ.

ಮಕ್ಕಳು ಕೇಳಬೇಕಾದ ಪ್ರಶ್ನೆ ನಾಲ್ಕೇ. ಇವರು ಯಾರು? ಇದು ಯಾವ ಊರು? ಯಾವ ವರ್ಷ, ಅಥವಾ ಯಾರ ಮದುವೆಯ ಹಿಂದೆ ಮುಂದೆ? ಅವತ್ತು ಅಲ್ಲಿ ಇದ್ದೂ ಚಿತ್ರದಲ್ಲಿ ಬರದವರು ಯಾರು? ಈ ನಾಲ್ಕನೆಯದನ್ನು ಮರೆಯಬೇಡಿ, ಒಳ್ಳೆಯ ಕತೆಗಳೆಲ್ಲ ಅದರಿಂದಲೇ ಹೊರಡುತ್ತವೆ. ಅಜ್ಜಿ ಹೇಳುವಾಗ ಅವರ ಮಾತನ್ನು ಫೋನಿನಲ್ಲಿ ಧ್ವನಿಮುದ್ರಿಸಿಕೊಳ್ಳಿ. ಬೇರೆ ಮನೆಯವರ ಚಿತ್ರವಿದ್ದರೆ ಅವರನ್ನು ಕೇಳದೆ ಎಲ್ಲೂ ಹಾಕಬೇಡಿ, ಒಂದು ಪ್ರತಿ ಅವರಿಗೂ ಮುಟ್ಟಿಸಿ. ನೀವೇ ತೆಗೆದ ಊರಿನ ಹಳೆಯ ಗುಡಿ, ಕೋಟೆ, ಬಾವಿಗಳ ಚಿತ್ರವನ್ನು ವಿಕಿಮೀಡಿಯ ಕಾಮನ್ಸಿನಂಥ ತಾಣದಲ್ಲಿ ಏರಿಸಬಹುದು. ಕೆಳಗೆ ವಿವರವನ್ನು ಕನ್ನಡದಲ್ಲೇ ಬರೆಯಿರಿ. ಮುಂದೆ ಯಾವುದೋ ಮಗು ಕನ್ನಡದಲ್ಲಿ ಹುಡುಕಿದಾಗ ಸಿಗಬೇಕಲ್ಲ!

ಎಲ್ಲ ಫೋನಿನಲ್ಲಿದೆ, ಇನ್ನೇನು ಚಿಂತೆ ಎಂದು ಕೂರುವುದೂ ಬೇಡ. 2023ರ ಅಕ್ಟೋಬರಿನಲ್ಲಿ ಬ್ರಿಟಿಷ್ ಲೈಬ್ರರಿಯ ಕಂಪ್ಯೂಟರುಗಳ ಮೇಲೆ ಕಳ್ಳರು ದಾಳಿ ಮಾಡಿದರು. ಅಷ್ಟು ದೊಡ್ಡ ಸಂಸ್ಥೆಯ ಆನ್‌ಲೈನ್ ಸಂಗ್ರಹ ತಿಂಗಳುಗಟ್ಟಲೆ ಜನರಿಗೆ ಸಿಗದಂತಾಯಿತು. ಮೂಲ ಚಿತ್ರಗಳು ಕಪಾಟಿನಲ್ಲಿ ಸುರಕ್ಷಿತವಾಗಿದ್ದವು, ಅದಕ್ಕೆ ಬಚಾವು. ನೀವೂ ಒಂದು ಪ್ರತಿ ಫೋನಿನಲ್ಲಿ, ಒಂದು ಪ್ರತಿ ಇನ್ನೊಂದು ಮನೆಯಲ್ಲಿ ಇಡಿ. ಮೂಲವನ್ನು ಮಾತ್ರ ಎಸೆಯಬೇಡಿ.

ನಮ್ಮ ಮನೆಯಲ್ಲಿ ಈಗ ಹನ್ನೆರಡು ಚಿತ್ರಗಳಿಗೆ ಹೆಸರು ಬರೆದಾಗಿದೆ. ಇನ್ನೂ ಒಂಬತ್ತು ಮುಖಗಳು ಉಳಿದಿವೆ. ಅತ್ತೆಗೆ ಆ ಕಣ್ಣಿನ ಪೊರೆ ತೆಗೆಸಲು ಮುಂದಿನ ವಾರ ಬೀದರಿಗೆ ಕರೆತರುತ್ತಿದ್ದೇವೆ. ಕಣ್ಣು ಸ್ಪಷ್ಟವಾದ ಮೇಲೆ ಮೊದಲು ಆ ಒಂ‍ಬತ್ತನ್ನು ನೋಡುತ್ತಾರಂತೆ. ಮೊಮ್ಮಗಳು ಪೆನ್ಸಿಲು ಚೂಪು ಮಾಡಿ ಇಟ್ಟಿದ್ದಾಳೆ.